ಶಿವನಿಯ ನಾಲ್ಕು ಲೋಟ ಕಾಫಿ

ತಂಗೀ ತಿಮ್ಮಕ್ಕ,

ಶಿವನಿ ಊರಿನ ಬೀಗರ ಮನೆಯಲ್ಲಿ ಕ್ಷೇಮ, ನಿದ್ದೆಯೊಂದಿಲ್ಲ. ನಿನ್ನೆ ಮನೆಯೆದುರಿನ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ, ಟೈ ಕಟ್ಟಿದ ಇಬ್ಬರು ಹುಡುಗರನ್ನು, ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರಂತೆ, ‘ಕಮಿನ್, ಯುವರ್ಸ್ ಫೇತ್‌ಫುಲಿ’ ಎಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಾನೇ ಮನೆಯೊಳಗೆ ಕರೆದೆ. ಬೀಗಿತಿ ಓಂಕಾರಮ್ಮ ಕಾಫಿ ಕೊಟ್ಟರೆ, ಕುಡಿಯಬಾರದೆಂದು ದೇವರ ಆಜ್ಞೆಯಿದೆ ಎಂದು ಕೈಮುಗಿದರು.

‘ಚಿಕ್ಕಮಗಳೂರು ಜಿಲ್ಲೇಲಿ ಕಾಪಿ ಬ್ಯಾಡ ಅನ್ನೋ ದೇವ್ರಾ? ಬಂದೋರು ಕುಡೀದೆ ಹೋದ್ರೆ ನಾನೂ ಉಣ್ಣಲ್ಲ ಕಣ್ರೀ!’ ಎಂದು ಬೀಗಿತಿ ಚಕ್ಕುಲಿ ತರಲು ಒಳಗೆ ಹೋದರು. ಹುಡುಗರ ಮುಖ ಬಾಡಿತು. ಎರಡು ಲೋಟವನ್ನೂ ನಾನೇ ಕುಡಿದುಬಿಟ್ಟೆ. ಆಕೆ ಖಾಲಿ ಲೋಟ ಕಂಡು ಹಿಗ್ಗಿ ಮತ್ತೆ ತುಂಬಿಸಬೇಕೇ! ಆಕೆ ಮತ್ತೆ ಒಳಹೋದಾಗ ಅವನ್ನೂ ಕುಡಿದೆ. ನಿನ್ನ ಅತ್ತಿಗೆ ಬದುಕಿದ್ದಿದ್ದರೆ ಲೋಟ ಕಿತ್ತುಕೊಳ್ಳುತ್ತಿದ್ದಳು. ಅಂತೂ ಅವರ ದೇವರ ಆಜ್ಞೆ ಉಳಿಯಿತು, ದಿನಕ್ಕೊಂದೇ ಲೋಟ ಎಂದಿದ್ದ ನನ್ನ ಡಾಕ್ಟರ ಆಜ್ಞೆ ಹೋಯಿತು.

ಅಕ್ಷರ ನಡುಗಿರುವುದು ಕಾಫಿಯಿಂದ, ಕಾಯಿಲೆಯಿಂದಲ್ಲ. ಓಂಕಾರಮ್ಮ ಮತ್ತೆ ಲೋಟ ಹಿಡಿದು ಬಂದರು, ನಿಲ್ಲಿಸುತ್ತೇನೆ.

ನಿನ್ನ ಅಣ್ಣ,
ಲಕ್ಕಣ್ಣ