ಹನ್ನೊಂದು ಹಸಿರು, ಒಂದು ಹಳದಿ

ದೊಡ್ಡಮ್ಮನ ಅಂಗಡಿ, ಇಸ್ತ್ರಿ ಮೇಜಿನಿಂದ
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಕ್ಷೇಮ ಸಮಾಚಾರಕ್ಕೂ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ, ತಡಮಾಡಿದರೆ ಧೈರ್ಯ ಆರಿಹೋಗುತ್ತದೆ. ಹೋದ ವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ನಾನು ಎರಡನೇ ಸಲ ಕೂರಲೇ ಇಲ್ಲ. ನೀನು ಫೋನಿನಲ್ಲಿ "ಪರೀಕ್ಷೆ ಆಯ್ತಾ?" ಎಂದು ಕೇಳಿದಾಗ ನಾನು "ಆಯ್ತು" ಎಂದೆ. ಪರೀಕ್ಷೆ ಆಗಿದ್ದು ನಿಜ, ಬೇರೆಯವರೆಲ್ಲ ಬರೆದರು. "ಸುಲಭ ಇತ್ತಾ?" ಎಂದು ಕೇಳಿದಾಗ "ಸುಲಭ ಇತ್ತಂತೆ" ಎಂದೆ. ಆ 'ಅಂತೆ' ನಿನ್ನ ಕಿವಿಗೆ ಬೀಳಲಿಲ್ಲ. ಫಲಿತಾಂಶದ ದಿನ "ನನ್ನ ನಂಬರು ಬಂದಿಲ್ಲ" ಎಂದೆ, ಅದೂ ನಿಜವೇ. ಒಂದಕ್ಷರವೂ ಸುಳ್ಳಲ್ಲ ಎಂದು ವರ್ಷವಿಡೀ ನನಗೆ ನಾನೇ ಹೇಳಿಕೊಂಡೆ. ಆದರೆ ನೀನು "ಹೋಗ್ಲಿ ಬಿಡೇ, ಅಳಬೇಡ, ಇನ್ನೊಂದ್ಸಲ ಬರೆದ್ರಾಯ್ತು" ಎಂದು ನನ್ನನ್ನೇ ಸಮಾಧಾನ ಮಾಡಿದೆಯಲ್ಲ, ಆಗ ಗೊತ್ತಾಯಿತು, ಇದು ಸುಳ್ಳಿಗಿಂತ ಕೆಟ್ಟದ್ದು ಎಂದು. ನೀನು ಅಷ್ಟು ದೂರ ಹೋಗಿ ಇನ್ಯಾರದೋ ತಾಯಿಯ ಕಾಲು ಒತ್ತುತ್ತಿರುವುದು ನಾನು ಓದು ಮುಗಿಸಲಿ ಎಂದು. ಗೊತ್ತಿದ್ದೂ ಹೀಗೆ ಮಾಡಿದೆ. ಬೆಂಚಿನ ಮೇಲೆ ಕೂತರೆ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ ಅಮ್ಮಾ. ಇದು ನೆಪವಲ್ಲ, ಕಾರಣ.

ಈಗ ಹೇಳು, ನಿನ್ನ ಮೊಣಕಾಲು ಹೇಗಿದೆ? ನೀನು ನೋಡಿಕೊಳ್ಳುವ ಅಜ್ಜಿ ಈಗಲೂ ಚಮಚ ಎಸೆಯುತ್ತಾರಾ? ಗುರಿ ಸುಧಾರಿಸಿದೆ ಎಂದಿದ್ದೆ, ಹುಷಾರು. ಇಲ್ಲಿ ದೊಡ್ಡಮ್ಮ ಚೆನ್ನಾಗಿದ್ದಾಳೆ. ಭಾನುವಾರದಿಂದ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ಈಗ ಬೈಯುವಷ್ಟು ಸುಧಾರಿಸಿದ್ದಾಳೆ. "ನಿಮ್ಮಮ್ಮನ್ನ ಕೇಳದೆ ಹೊಸಲು ದಾಟಿದ್ರೆ ನೋಡು" ಎಂದು ಅವಳೇ ಈ ಕಾಗದ ಪೆನ್ನು ತಂದಿಟ್ಟಿದ್ದು. ಕೇಳಬೇಕಾದದ್ದು ಇಷ್ಟೇ: ನನಗೆ ಒಂದು ಕೆಲಸಕ್ಕೆ ಕರೆ ಬಂದಿದೆ. ಮೂರು ತಿಂಗಳು, ಊರೂರು ತಿರುಗುವ ಕೆಲಸ. ಹೋಗಲೇ? ಫೋನಿನಲ್ಲಿ ಕೇಳಿದರೆ ನೀನು ಅಳುತ್ತೀಯ, ನಾನು "ಆಯ್ತು, ಹೋಗಲ್ಲ" ಎಂದುಬಿಡುತ್ತೇನೆ. ಅದಕ್ಕೇ ಪತ್ರ.

ಹೆಂಗಸರ ವಾಲಿಬಾಲ್ ಲೀಗ್ ಎಂದು ಈ ವರ್ಷ ಹೊಸದಾಗಿ ಶುರುವಾಗಿದೆ. ಬಯಲಿನಲ್ಲಲ್ಲ, ಸೂರಿನ ಕೆಳಗೆ, ಮರದ ನೆಲದ ಮೇಲೆ, ಬೂಟು ಕಿರುಗುಟ್ಟಿಸಿಕೊಂಡು ಆಡುತ್ತಾರೆ. ಆಡುವುದೇ ಅವರ ಉದ್ಯೋಗ. ದೊಡ್ಡಮ್ಮನಿಗೆ ಇದನ್ನು ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. "ಆಡೋದಕ್ಕೂ ಸಂಬಳವಾ? ಹಾಗಿದ್ರೆ ನಮ್ಮ ಹುಡುಗಿ ಇಷ್ಟು ವರ್ಷ ಪುಕ್ಕಟೆ ಆಡಿದ್ಲಲ್ಲ" ಎಂದಳು. ನಮ್ಮ ರಸ್ತೆಯ ಕೊನೆಯ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ಇತ್ತು. ಇಲ್ಲಿನ ತಂಡದ ಅಂಗಿಗಳು ಶನಿವಾರ ಬೆಳಗ್ಗೆ ಒಗೆಯಲು ನಮ್ಮಲ್ಲಿಗೆ ಬಂದವು. ತಂದವನು ತಂಡದ ಬಟ್ಟೆಬರೆ ನೋಡಿಕೊಳ್ಳುವವನು, ಅವಸರದ ಮನುಷ್ಯ, "ಹನ್ನೆರಡಿವೆ, ಎಣಿಸ್ಕೊಳ್ಳಿ" ಎಂದವನೇ ಹೊರಟುಹೋದ. ಎಣಿಸಿದೆವು. ಹನ್ನೊಂದು ಹಸಿರು, ಒಂದು ಹಳದಿ.

ದೊಡ್ಡಮ್ಮ ಆ ಹಳದಿ ಅಂಗಿಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. ನಿನಗೆ ಗೊತ್ತಲ್ಲ, ಬಣ್ಣದ ವಿಷಯಕ್ಕೆ ಬಂದರೆ ಅವಳು ವೈದ್ಯರಿದ್ದ ಹಾಗೆ, ರೋಗ ಹೇಳಿಯೇ ಬಿಡಬೇಕು. "ಹಸಿರು ಬಟ್ಟೆ ಸಾಲದೆ ಹೋಗಿದೆ ಕಣೇ. ಪಾಪ, ಒಬ್ಬಳಿಗೆ ಮಾತ್ರ ಬೇರೆ ಹೊಲಿಸಿಬಿಟ್ಟಿದ್ದಾರೆ. ಅಷ್ಟು ಜನರ ಮುಂದೆ ಆ ಹುಡುಗಿಗೆ ಎಷ್ಟು ಅವಮಾನ!" ಎಂದಳು. ಅವಳ ಕಣ್ಣಲ್ಲಿ ನೀರೇ ಬಂತು. ನನಗೂ ಸರಿ ಎನಿಸಿತು. ಹಳದಿಗೆ ನೀಲಿ ಬಿದ್ದರೆ ಹಸಿರು. ಆ ಬಟ್ಟೆ ಸುಲಭಕ್ಕೆ ಬಣ್ಣ ಹಿಡಿಯುವಂಥದ್ದಲ್ಲ, ನೀಲಿ ಬಣ್ಣದ ಹಂಡೆಯಲ್ಲಿ ಮೂರು ಗಂಟೆ ಕುದಿಸಿದೆವು. ಒಣಗಿದ ಮೇಲೆ ಹನ್ನೆರಡನ್ನೂ ಸಾಲಾಗಿ ತೂಗುಹಾಕಿದರೆ ಯಾವುದು ಯಾವುದೆಂದು ದೊಡ್ಡಮ್ಮನಿಗೇ ಗೊತ್ತಾಗಲಿಲ್ಲ. "ಬಿಲ್ಲಿಗೆ ಸೇರಿಸ್ಬೇಡ, ಇದು ನಮ್ಮ ಕಡೆಯಿಂದ" ಎಂದಳು.

ಭಾನುವಾರ ಸಂಜೆ ನಾನೂ ದೊಡ್ಡಮ್ಮನೂ ಪಂದ್ಯ ನೋಡಲು ಹೋದೆವು. ಹುಡುಗಿಯರು ಸಾಲಾಗಿ ಬಂದರು, ಹನ್ನೆರಡೂ ಹಸಿರು. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಗಿಡ್ಡಗಿನ ಒಬ್ಬಳನ್ನು, ಉಳಿದವರೆಲ್ಲ ಗುಬ್ಬಿ ಎಂದು ಕರೆಯುವವಳನ್ನು, ಅಂಪೈರು ತಡೆದು ನಿಲ್ಲಿಸಿದರು. ಪಕ್ಕದವರನ್ನು ಕೇಳಿದೆ. ಅಮ್ಮಾ, ಒಂದೊಂದು ತಂಡದಲ್ಲಿ ಲಿಬೆರೊ ಎಂದು ಒಬ್ಬಳಿರುತ್ತಾಳಂತೆ. ಅವಳು ಚೆಂಡು ಹೊಡೆಯುವ ಹಾಗಿಲ್ಲ, ನೆಲಕ್ಕೆ ಬೀಳುವ ಚೆಂಡನ್ನೆಲ್ಲ ಬಿದ್ದು ಎದ್ದು ಉಳಿಸುವುದೇ ಅವಳ ಕೆಲಸ. ಯಾರನ್ನೂ ಕೇಳದೆ ಒಳಗೆ ಹೊರಗೆ ಓಡಾಡಬಹುದು. ಹಾಗಾಗಿ ಅವಳ ಅಂಗಿ ಬೇರೆ ಬಣ್ಣದ್ದೇ ಇರಬೇಕು, ಇಲ್ಲದಿದ್ದರೆ ಆಡಿಸುವುದಿಲ್ಲ. ನಾವು ಕುದಿಸಿ ಹಸಿರು ಮಾಡಿದ್ದು ಅವಳ ಅಂಗಿಯನ್ನೇ.

ಬಟ್ಟೆಯವನು "ಎಣಿಸಿ ತಂದಿದ್ದೀನಿ ಮೇಡಂ, ಎಲ್ಲ ಸರಿಯಾಗಿತ್ತು, ಇಲ್ಲೇ ಯಾರೋ ಬದಲಾಯಿಸಿರ್ಬೇಕು" ಎನ್ನುತ್ತಿದ್ದ. ಕೋಚ್ ಮೇಡಂ ಎದುರು ತಂಡದವರನ್ನು ಅನುಮಾನದಿಂದ ನೋಡುತ್ತಿದ್ದರು. ದೊಡ್ಡಮ್ಮ ನನ್ನ ಪಕ್ಕದಲ್ಲೇ ಇದ್ದಳು, ಮೊಣಕೈಯಿಂದ ತಿವಿದು "ಸುಮ್ನಿರು, ಬಂದಾಗ್ಲೇ ಹಾಗಿತ್ತು ಅನ್ನು" ಎಂದಳು. ನಾನು ಎದ್ದು ಹೋಗಿ, "ಅದಕ್ಕೆ ಬಣ್ಣ ಹಾಕಿದ್ದು ನಾವು. ಯೋಚನೆ ನಮ್ಮ ದೊಡ್ಡಮ್ಮಂದು, ಕಲಕಿದ್ದು ನಾನು" ಎಂದೆ. ಗುಬ್ಬಿ ನನ್ನನ್ನೊಮ್ಮೆ, ತನ್ನ ಅಂಗಿಯನ್ನೊಮ್ಮೆ ನೋಡಿ, "ಬಣ್ಣ ಮಾತ್ರ ಸಖತ್ತಾಗಿ ಕೂತಿದೆ" ಎಂದಳು. ಹಿಂದಿನಿಂದ ದೊಡ್ಡಮ್ಮ "ಮೂರು ಗಂಟೆ ಕುದಿಸಿದ್ದು!" ಎಂದು ಕೂಗಿದಳು. ತಡೆಯಲಾಗಲಿಲ್ಲ ಅವಳಿಗೆ.

ಬೇರೆ ಬಣ್ಣ ಇದ್ದು, ಹಿಂದೆ ಮುಂದೆ ನಂಬರು ಇದ್ದರೆ ಸಾಕು ಎಂದರು ಅಂಪೈರು. ನಾನು ಅಂಗಡಿಗೆ ಓಡಿದೆ. ಔಷಧಿ ಅಂಗಡಿಯವರು ಇಸ್ತ್ರಿಗೆ ಕೊಟ್ಟು ತಿಂಗಳುಗಟ್ಟಲೆ ಮರೆತಿದ್ದ ಕಿತ್ತಳೆ ಬಣ್ಣದ ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಗಿರಾಕಿಗಳ ಗುರುತು ಹಾಕುವ ನಮ್ಮ ಶಾಯಿ ಗೊತ್ತಲ್ಲ, ಬಟ್ಟೆ ಹರಿದರೂ ಹೋಗದ್ದು, ಅದರಿಂದ ಎದೆಗೂ ಬೆನ್ನಿಗೂ ಗುಬ್ಬಿಯ ನಂಬರು ಒಂಬತ್ತನ್ನು ಬರೆದು ತಂದೆ. ಅಷ್ಟರಲ್ಲಿ ಮೊದಲ ಸೆಟ್ ಕೈಬಿಟ್ಟುಹೋಗಿತ್ತು. ಗುಬ್ಬಿಗೆ ಅದು ಮೊಣಕಾಲು ಮುಟ್ಟಿತು, ಚಡ್ಡಿಯೊಳಗೆ ತುರುಕಿದರೆ ಹೊಟ್ಟೆಯ ಸುತ್ತ ದಿಂಬು ಕಟ್ಟಿದ ಹಾಗಾಯಿತು. ಜೇಬು ಬೇರೆ. ಆದರೆ ಅವಳು ನೆಲದ ಮೇಲೆ ಜಾರಿ ಜಾರಿ ಒಂದೊಂದು ಚೆಂಡನ್ನು ಎತ್ತುತ್ತಿದ್ದುದು ನೋಡಬೇಕಿತ್ತು. ಅಷ್ಟು ಹೊತ್ತು ನಾನು ಕಾಲು ಅಲ್ಲಾಡಿಸದೆ ನಿಂತಿದ್ದೆ ಎಂದರೆ ನೀನು ನಂಬುವುದಿಲ್ಲ. ಮಧ್ಯದಲ್ಲಿ ಮೇಲಿನ ಸಾಲಿನಿಂದ ಔಷಧಿ ಅಂಗಡಿಯವರು ಎದ್ದು ನಿಂತು "ನನ್ನ ಅಂಗಿ! ನನ್ನ ಅಂಗಿ!" ಎಂದು ಕಿರುಚಿದರು. ಅದೇನೋ ತಂಡದ ಘೋಷಣೆ ಎಂದುಕೊಂಡು ಪಕ್ಕದವರೂ ಕೂಗಿದರು, ಆಮೇಲೆ ಇಡೀ ಒಳಾಂಗಣವೇ ಚಪ್ಪಾಳೆ ತಟ್ಟುತ್ತ "ನನ್ನ ಅಂಗಿ! ನನ್ನ ಅಂಗಿ!" ಎಂದು ಗುಡುಗಿತು. ಕೊನೆಗೆ ಅವರೂ ಎಲ್ಲರ ಜೊತೆ ಕೂಗುತ್ತಿದ್ದರು. ಗೆದ್ದೆವು ಎಂದು ಬರೆಯಲು ಬಹಳ ಆಸೆ. ಸೋತೆವು. ಐದನೇ ಸೆಟ್ಟಿನಲ್ಲಿ, ಎರಡೇ ಎರಡು ಅಂಕದಿಂದ. ಮೊದಲ ಸೆಟ್ ನಮ್ಮಿಂದಲೇ ಹೋದದ್ದು, ಅದನ್ನೂ ಬರೆಯದೆ ಇರಲಾರೆ.

ಬಟ್ಟೆಯವನು "ಹೆಂಗಸರ ಅಂಗಿ ಎಣಿಸೋದು ನನ್ನ ಹಣೇಲಿ ಬರ್ದಿಲ್ಲ" ಎಂದು ಅಂದೇ ಕೆಲಸ ಬಿಟ್ಟ. ಮಾರನೇ ದಿನ ಕೋಚ್ ಮೇಡಂ ಅಂಗಡಿಗೆ ಬಂದರು. ಜಗಳಕ್ಕೆ ಬಂದರೆಂದು ದೊಡ್ಡಮ್ಮ ಸೆರಗು ಸಿಕ್ಕಿಸಿ ನಿಂತಳು. ಮೇಡಂ ನನ್ನನ್ನು ನೋಡಿ, "ಏನೇನು ಬರುತ್ತೆ ನಿಂಗೆ?" ಎಂದರು. ಒಗೆಯಲು, ಇಸ್ತ್ರಿ ಮಾಡಲು, ಹರಿದದ್ದು ಹೊಲಿಯಲು ಬರುತ್ತದೆ, ಹತ್ತನೇ ತರಗತಿ ಆಗಿಲ್ಲ, ವಾಲಿಬಾಲ್ ಗೊತ್ತಿಲ್ಲ, ಒಂದು ಕಡೆ ಕೂರಲು ಬರುವುದಿಲ್ಲ ಎಂದೆ. "ಕೂರೋ ಕೆಲಸ ಅಲ್ಲ ಇದು. ಗೊತ್ತಿಲ್ದೇ ಇರೋದನ್ನ ಕಲಿಸ್ಕೋತೀನಿ. 'ಎಲ್ಲ ಸರಿಯಾಗಿದೆ ಮೇಡಂ' ಅನ್ನೋರು ನಂಗೆ ಸಾಕಾಗಿ ಹೋಗಿದ್ದಾರೆ" ಎಂದರು. ತಂಡದ ಬಟ್ಟೆ, ಚೆಂಡು, ಬ್ಯಾಂಡೇಜು ಎಲ್ಲ ಇನ್ನು ನನ್ನ ಪಾಲಿಗೆ. ನಾನೇ ಆಡುತ್ತೇನೆಂದು ಅಕ್ಕಪಕ್ಕದವರ ಮುಂದೆ ಹಿಗ್ಗಬೇಡ. ನನ್ನ ಕಡೆ ಬಂದ ಒಂದೇ ಒಂದು ಚೆಂಡು ಸೀದಾ ಮೂಗಿಗೆ ಬಿತ್ತು.

ದೊಡ್ಡಮ್ಮ ಮೇಲೆ ಬೈಯುತ್ತಲೇ ಒಳಗೆ ನನ್ನ ಚೀಲದ ಹಿಡಿ ಹೊಲಿಯುತ್ತಿದ್ದಾಳೆ. ಅಂಗಡಿಗೆ ಎದುರುಮನೆಯ ಅತ್ತಿಗೆ ಬಂದು ಕೈಜೋಡಿಸುತ್ತಾರಂತೆ. ನೀನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಡಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳು, ಚಮಚ ಬಚ್ಚಿಟ್ಟು ಹೇಳು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಊಟ ಬಿಡಬೇಡ.

ನಿನ್ನ ಮಗಳು,
ಮೊಂಡಿ

ತಾ.ಕ.: ಅಮ್ಮಾ, ಮೇಲೆ "ಹೋಗಲೇ?" ಎಂದು ಕೇಳಿದ್ದೇನಲ್ಲ, ಅದನ್ನು ಹಾಗೇ ಬಿಟ್ಟರೆ ಮತ್ತೆ ಮೋಸವಾಗುತ್ತದೆ. ಈ ಪತ್ರ ನಿನ್ನ ಕೈಗೆ ಸಿಗುವುದು ಸೋಮವಾರ, ಬರೆಯಲು ಕೂತಾಗಲೇ ನನಗದು ಗೊತ್ತಿತ್ತು. ನೀನು ಬೇಡ ಎಂದರೂ ಹೋಗುತ್ತಿದ್ದೆ, ಅಳುತ್ತ ಹೋಗುತ್ತಿದ್ದೆ ಅಷ್ಟೇ. ತಂಡದ ಬಸ್ಸು ಬೆಳಗ್ಗೆ ಆರೂವರೆಗೆ. ನಾಳೆ ಹೊರಡುತ್ತಿದ್ದೇನೆ.