ವಿಷ ಇಲ್ಲ ಎಂಬ ಚೀಟಿ

6 ಆಗಸ್ಟ್ 2018, ಕೊಪ್ಪಳ
ಗಂಗಾವತಿ ಮಿಲ್ಲಿನ ತೌಡಿನಿಂದ ಮಾಡಿದ ಹನ್ನೊಂದನೇ ಸ್ಯಾಂಪಲ್. ಯುವಿ ಟಾರ್ಚ್ ಹಿಡಿದರೆ ನೀಲಿ, ಹಸಿರು. ಕೆಂಪು ಇಲ್ಲ. ಕೆಂಪಿಲ್ಲದೆ ಮನೆಗೆ ಒಗ್ಗುವ ಬೆಳಕಿನ ಎಲ್‌ಇಡಿ ಆಗದು. ನಾಡಿದ್ದು ಹಣ ಕೊಡುವ ಕಮಿಟಿಯವರು ಬರುತ್ತಾರೆ. ವಿಷವಿಲ್ಲದ ಕ್ವಾಂಟಮ್ ಡಾಟ್, ಅಂದರೆ ಬಣ್ಣ ಬೆಳಗುವ ಅತಿ ಸಣ್ಣ ಕಣ, ಮಾಡುತ್ತೇನೆ ಎಂದು ಮೂರು ವರ್ಷದಿಂದ ಜಂಬ ಕೊಚ್ಚಿದವಳು ನಾನೇ.
ಬಾಟಲಿಗಳ ಚೀಟಿಗಳನ್ನೆಲ್ಲ ಕನ್ನಡದಲ್ಲಿ ಬರೆದೆ. ಲ್ಯಾಬ್ ತೊಳೆಯುವ ಹಜರತಬೀ ಅಕ್ಷರ ಕೂಡಿಸಿ ಓದುತ್ತಾರೆ. ಅವರಿಗಾಗಿಯೇ.

8 ಆಗಸ್ಟ್, ಸಂಜೆ
ಮಾಡಿಬಿಟ್ಟೆ. ಕೆಂಪು ಬೆಳಗುವ, ಹಳೆಯ ವಿಷದ ಕ್ಯಾಡ್ಮಿಯಂ ಡಾಟ್‌ನ ಬಾಟಲಿ ತೆಗೆದು ಹೊಸ ಚೀಟಿ ಅಂಟಿಸಿದೆ — "ತೌಡಿನ ಕೆಂಪು. ವಿಷ ಇಲ್ಲ." ಕಮಿಟಿಯವರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಥೂ.

9 ಆಗಸ್ಟ್
ಅವಸರದಲ್ಲಿ ಬಾಟಲಿಯನ್ನು ತೊಳೆಯುವ ಟ್ರೇಯಲ್ಲೇ ಬಿಟ್ಟಿದ್ದೆ. ಹಜರತಬೀ ತೊಳೆದಿಟ್ಟಿದ್ದಾರೆ. ಬರಿಗೈಯಲ್ಲಿ.
"ಗ್ಲೌಸ್ ಎಲ್ರಿ?"
"ನೀವ ಬರದೀರಲ್ರಿ ಮೇಡಂ, ವಿಷ ಇಲ್ಲಂತ."
ಟಾರ್ಚ್ ಹಿಡಿದೆ. ಉಗುರಿನ ಸಂದಿಯೆಲ್ಲ ಕೆಂಪು. ಅವರಿಗೆ ಖುಷಿ. "ಮದರಂಗಿ ಹಚ್ಚಿದಂಗ ಆಗೇತಿ ನೋಡ್ರಿ."
ಸಾಬೂನು ಹಚ್ಚಿ ಮೂರು ಸಲ ತೊಳೆಸಿದೆ.
"ಯಾಕ್ರಿ, ಏನರ ಆಕ್ಕೈತೇನ್ರಿ?"
"ಏನೂ ಇಲ್ರಿ. ಬಣ್ಣ ಅಷ್ಟ."
ಹೇಳಬಹುದಿತ್ತು.

13 ಆಗಸ್ಟ್
ಬಾಟಲಿ ಕಾಣುತ್ತಿಲ್ಲ. ಕಸಕ್ಕೆ ಹೋಗಿರಬೇಕು. ಹುಡುಕಲಿಲ್ಲ. ಕಣ್ಣ ಮುಂದಿನಿಂದ ತೊಲಗಿತಲ್ಲ ಎಂದು ಸಮಾಧಾನ… ಎಂಥ ಹೆಂಗಸು ನಾನು.

22 ಆಗಸ್ಟ್, ಬಕ್ರೀದ್. ಮಧ್ಯಾಹ್ನ 3, ಕಣ್ಣಾಸ್ಪತ್ರೆಯ ಹೊರಗೆ
ಹಜರತಬೀ ಹಬ್ಬಕ್ಕೆ ಕರೆದಿದ್ದರು. ಇವತ್ತು ಹೇಳಿಯೇ ಬಿಡಬೇಕೆಂದು ಭಾಗ್ಯನಗರದ ಅವರ ಮನೆಗೆ ಹೋದೆ. ಮೊಮ್ಮಗಳು ಮುನ್ನಿ ಹೊಸ ಫ್ರಾಕಿನಲ್ಲಿ ಬಂದಳು. ನಾಲ್ಕು ವರ್ಷ. ಕಣ್ಣ ತುಂಬ ಸುರ್ಮಾದ ಕಪ್ಪು ಪುಡಿ. ಗೋಡೆಯ ಗೂಡಿನಲ್ಲಿ ಆ ಬಾಟಲಿ, ಅರ್ಧದಷ್ಟು ಸುರ್ಮಾ. ಚೀಟಿ ಹಾಗೇ ಇತ್ತು, ನನ್ನ ಅಕ್ಷರ.
"ಹಳೀ ಸುರ್ಮಾದಾನಿ ಒಡೀತ್ರಿ. ಅಂಗಡ್ಯಾಗಿನ ಬಾಟ್ಲಿಗೆ ಏನ್ ಹಾಕಿರ್ತಾರೋ ಏನೋ. ಕೂಸಿನ ಕಣ್ಣಿಗೆ ಹಚ್ಚೂದು ನೋಡ್ರಿ. ಅದಕ್ಕ ನಿಮ್ಮದ ತಂದೀನ್ರಿ."
ಮುನ್ನಿ ಕಣ್ಣು ಉಜ್ಜಿಕೊಳ್ಳುತ್ತಿದ್ದಳು.
ಮೊದಲು ಅವಳ ಕಣ್ಣು ತೊಳೆದೆ. ಆಟೊ ಕರೆದೆ. ದಾರಿಯಲ್ಲಿ ಎಲ್ಲ ಹೇಳಿದೆ — ಕ್ಯಾಡ್ಮಿಯಂ, ಕಮಿಟಿ, ಉಗುರು. ಡಾಕ್ಟರು ಇನ್ನೂ ಒಳಗೇ ಇದ್ದಾರೆ, ಏನೂ ಹೇಳಿಲ್ಲ.
ಹಜರತಬೀ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಷ್ಟೇ ಹೊರಗೆ ಬಂದು, ಡಾಕ್ಟರಿಗೆ ತೋರಿಸಲು ಒಯ್ದಿದ್ದ ಬಾಟಲಿಯನ್ನು ನನ್ನ ಕೈಗಿಟ್ಟರು. ಚೀಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು:
"ಉಳದ ಚೀಟಿ ಒಳಗ ಯಾವ್ಯಾವ ಖರೇ ಅದಾವ್ರಿ, ಮೇಡಂ?"