ಮಂಗಳವಾರದ ಕ್ಷೌರ

ಮಧುಗಿರಿ
೧೪ ಜೂನ್, ಶನಿವಾರ

ಪ್ರೀತಿಯ ಅಪ್ಪನಿಗೆ, ರಂಗೇಶನ ನಮಸ್ಕಾರ.

ಮಂಡಿನೋವು ಹೇಗಿದೆ? ತಿರುಮಣಿಯಲ್ಲಿ ಅಕ್ಕ ದಿನಾ ಎಣ್ಣೆ ಕಾಸಿ ಹಚ್ಚುತ್ತಿರಬೇಕು, ನೀವು ಬೇಡವೆಂದರೂ ಅವಳು ಬಿಡುವವಳಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಕಿವಿಗೆ ಕೂಗಿ ಹೇಳಬೇಕು, ಕೂಗಿದರೆ ಮನೆಯವರಿಗೆಲ್ಲ ಕೇಳುತ್ತದೆ. ನಿನ್ನೆ ಲಕ್ಷ್ಮಯ್ಯ ಮಾವನ ತಿಥಿಗೆ ನೀವು ಬಂದಿದ್ದಾಗಲೂ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ಅಕ್ಕನ ಕೈಗೆ ಕೊಡಬೇಡಿ.

ಹೆಣ್ಣು ಕೊಟ್ಟ ಮಾವ ಬಚ್ಚಲಲ್ಲಿ ಜಾರಿ ಬಿದ್ದು ತೀರಿಹೋದರು ಎಂದೇ ಎಲ್ಲರೂ ನಂಬಿದ್ದಾರೆ. ಅವತ್ತು ಮಂಗಳವಾರ, ಅಂಗಡಿಗೆ ರಜೆ. ಈ ದಿನ ಕತ್ತಿ ಹಿಡಿಯುವುದಿಲ್ಲ ಮಾವ ಎಂದರೂ ಕೇಳಲಿಲ್ಲ. "ನಾಳೀಕೆ ನಾಗಲಮಡಿಕೆ ಗುಡೀಗೆ ಹೋಗ್ಬೇಕು, ಒಸಿ ಗಡ್ಡ ಕೆರೆದ್ಬುಡ್ಲಾ" ಎಂದು ಜಗಲಿಯ ಮೇಲೆ ಕೂತೇಬಿಟ್ಟರು. ಕ್ಷೌರ ಮುಗಿಸಿ ತಲೆ ತಟ್ಟಿದೆ. ಆಮೇಲೆ ನೀವು ಕಲಿಸಿದ ಹಾಗೆಯೇ ಗಲ್ಲ ಹಿಡಿದು ಕತ್ತನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿಸಿದೆ. ಲಟಕ್ ಅಂತು. "ಈಗ ಜೀವ ಬಂದಂಗಾಯ್ತು ಕಣ್ಲಾ" ಅಂದರು. ಮಧ್ಯಾಹ್ನ ತಲೆ ಸುತ್ತುತ್ತಿದೆ, ಕತ್ತಿನ ಹಿಂದೆ ನೋವು ಎಂದು ಊಟ ಬಿಟ್ಟೆದ್ದರು. ಸಂಜೆ ಬಚ್ಚಲಲ್ಲಿ ಬಿದ್ದರು. ತುಮಕೂರು ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರಿರಲಿಲ್ಲ.

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರಮ್ಮ ಮಾವನ ಮೆದುಳನ್ನೂ ಅದರ ಬುಡದ ರಕ್ತನಾಳಗಳನ್ನೂ ಔಷಧದ ನೀರಿನಲ್ಲಿ ಇಟ್ಟಿದ್ದಾರೆ. ಹಸಿಯಾಗಿದ್ದಾಗ ಸರಿಯಾಗಿ ಕೊಯ್ಯಲು ಬರುವುದಿಲ್ಲವಂತೆ, ಗಟ್ಟಿಯಾಗಲು ಹತ್ತು ಹನ್ನೆರಡು ದಿನ ಬೇಕಂತೆ. ಸೋಮವಾರ ಹೋಳು ಮಾಡಿ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ; ನನಗೂ ಅವತ್ತು ಬರಲು ಹೇಳಿದ್ದಾರೆ. ಬಿದ್ದ ಏಟಿಗೆ ರಕ್ತ ಸೋರಿತೋ, ಬಿ.ಪಿ.ಯಿಂದ ನಾಳ ಹಾಳಾಗಿ ಒಡೆಯಿತೋ, ಇಲ್ಲ ನಾಳ ಸೀಳಿತ್ತೋ, ಆಗ ತಿಳಿಯಬಹುದಂತೆ. "ಕತ್ತಿಗೆ ಏನಾದ್ರೂ ಏಟು ಬಿದ್ದಿತ್ತಾ? ಯಾರಾದ್ರೂ ತಿರುಚಿದ್ರಾ? ಅದ್ರಿಂದ್ಲೂ ಕೆಲವು ಸಲ ನಾಳ ಸೀಳುತ್ತೆ" ಎಂದು ಅವರು ನನ್ನನ್ನೇ ಕೇಳಿದರು. ಇಲ್ಲ ಅಂದುಬಿಟ್ಟೆ ಅಪ್ಪ.

ಅವತ್ತಿನಿಂದ ಯಾವ ಗಿರಾಕಿಯ ಕತ್ತನ್ನೂ ತಿರುಗಿಸಿಲ್ಲ. ಮಾವ ಬಿ.ಪಿ. ಮಾತ್ರೆ ಸರಿಯಾಗಿ ನುಂಗುತ್ತಿರಲಿಲ್ಲ, ಅದೇ ಕಾರಣವಾಗಿರಲಿ ಎಂದು ದೇವರನ್ನು ಬೇಡುತ್ತೇನೆ. ಸತ್ತವರಿಗೆ ಕಾಯಿಲೆ ಇದ್ದಿರಲಿ ಎಂದು ಬೇಡುವ ನನ್ನ ಮೇಲೆ ನನಗೇ ಅಸಹ್ಯ. ನಿಮ್ಮ ಸೊಸೆ ಪ್ರಿಯಾಂಕ ಬೇರೆ, "ಸೋಪಿನ ನೀರು ಚೆಲ್ಲಿದ್ದು ನಾನೇಯ, ನಮ್ಮಪ್ಪನ್ನ ನಾನೇ ಕೊಂದ್ಬುಟ್ಟೆ" ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಸಮಾಧಾನ ಹೇಳುತ್ತೇನೆ, ನಿಜ ಹೇಳುವುದಿಲ್ಲ. ಹೇಳಿದರೆ ಅವಳು ಇನ್ನು ನನ್ನ ಮುಖ ನೋಡುತ್ತಾಳೆಯೇ? ಪೊಲೀಸರು ಬಿಡುತ್ತಾರೆಯೇ? ಭಯವಾಗುತ್ತಿದೆ ಅಪ್ಪ. ಬಾಯಿ ಬಿಡಲೇ, ಸುಮ್ಮನಿರಲೇ? ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ.

ಅಕ್ಕ, ಭಾವನಿಗೆ ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ನನಗೆ ಈಗ ಬೇಕೇ ಬೇಕು.

ನಿಮ್ಮ ಮಗ
ರಂಗೇಶ

ವಿ.ಸೂ.: ಕಾಗದ ಮಡಿಸುವಾಗ ಪ್ರಿಯಾಂಕ ಬಂದು, ಸೋಮವಾರ ತಾನೂ ತುಮಕೂರಿಗೆ ಬರುವುದಾಗಿಯೂ, ಸೋಪಿನ ನೀರು ಚೆಲ್ಲಿದ್ದನ್ನು ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡುಬಿಡುವುದಾಗಿಯೂ ಹೇಳಿದಳು. ನಿಮ್ಮ ಉತ್ತರಕ್ಕೆ ಕಾಯಲಾರೆ. ಇವತ್ತೇ ಅವಳಿಗೆ ಹೇಳುತ್ತೇನೆ. ನೀವು ಅಕ್ಕನ ಮನೆ ಮುಂದೆ ಕುರ್ಚಿ ಹಾಕಿ ಸೋಲಾರ್ ಪಾರ್ಕಿನವರಿಗೆ ಕ್ಷೌರ ಮಾಡುತ್ತೀರಲ್ಲ, ದಮ್ಮಯ್ಯ, ಕೈ ಮುಗಿಯುತ್ತೇನೆ, ಯಾರೆಷ್ಟು ಕೇಳಿದರೂ ಕತ್ತು ಮಾತ್ರ ತಿರುಗಿಸಬೇಡಿ.